ಒಪ್ಪಿಕೊಂಡಳು ಎಂದು ಬರೆದವರು

ಭಾನುವಾರ ಬೆಳಗ್ಗೆ ಸೂರ್ಯಪ್ರಕಾಶ್ ಹೊನ್ನವಳ್ಳಿಗೆ ಬಂದಾಗ ದಾನೇಶ್ವರಿ ಹಿತ್ತಲಲ್ಲಿ ಅಮ್ಮನ ತಲೆಗೆ ನೀರು ಹಾಕಿ ಕೂದಲು ಒರೆಸುತ್ತಿದ್ದಳು. ವಿಮಲಮ್ಮನ ಬಲಗೈಯ ಬ್ಯಾಂಡೇಜು ನೆನೆಯದಿರಲೆಂದು ಅದಕ್ಕೊಂದು ಪ್ಲಾಸ್ಟಿಕ್ ಕವರು ಸುತ್ತಿ ಮಣಿಕಟ್ಟಿಗೆ ದಾರ ಕಟ್ಟಿತ್ತು. ಆ ಬ್ಯಾಂಡೇಜಿನೊಳಗೆ ತೋರುಬೆರಳು ಇರಲಿಲ್ಲ. ನಡುಬೆರಳು ಅರ್ಧ ಇತ್ತು.

ಸೂರ್ಯಪ್ರಕಾಶ್ ತಿಪಟೂರಿನ ಹೊರಗಿರುವ ಕಾಯಿ ಪುಡಿ ಫ್ಯಾಕ್ಟರಿಯ ಮ್ಯಾನೇಜರು. ಜಗಲಿಯ ಮೇಲೆ ಮೂಸಂಬಿ ಚೀಲವನ್ನೂ ಹಾರ್ಲಿಕ್ಸ್ ಬಾಟಲಿಯನ್ನೂ ಇಟ್ಟು, ಕಂಬಕ್ಕೊರಗಿ ಕೂತಿದ್ದ ದಾನೇಶ್ವರಿಯ ಅಪ್ಪ ರೇವಣಸಿದ್ದಯ್ಯನಿಗೆ ಕೈಮುಗಿದು, ತಾನೂ ಕೂತ. "ನಮ್ ಯಜಮಾನ್ರು ದಿನಾ ಕೇಳ್ತಾ ಇರ್ತಾರೆ ಕಣ್ರೀ, ವಿಮಲಮ್ಮ ಹೆಂಗವ್ರೆ ಅಂತ" ಎಂದ. ಕೇಳುವವರು ಒಮ್ಮೆಯೂ ಈ ಬಾಗಿಲಿಗೆ ಬಂದಿರಲಿಲ್ಲ. ದಾನೇಶ್ವರಿ ಅಮ್ಮನನ್ನು ಕೈಹಿಡಿದು ಕರೆತಂದು ಕೂರಿಸುವಷ್ಟರಲ್ಲಿ ಅವನು ಫೈಲಿನಿಂದ ಎರಡು ಹಾಳೆ ತೆಗೆದು, ಪಕ್ಕದಲ್ಲಿ ಇಂಕ್ ಪ್ಯಾಡು ಬಿಚ್ಚಿಟ್ಟಿದ್ದ.

"ಏನಿಲ್ಲ, ಎಲ್ಲಾ ಫಾರ್ಮಾಲಿಟಿ. ರುಜು ಮಾಡಕ್ಕಾಗಲ್ವಲ್ಲ ಪಾಪ, ಎಡಗೈ ಹೆಬ್ಬೆಟ್ಟು ಸಾಕು."

ವಿಮಲಮ್ಮ ಇಂಕ್ ಪ್ಯಾಡನ್ನೇ ನೋಡಿದಳು. ಏಳನೇ ಕ್ಲಾಸಿನವರೆಗೆ ಓದಿದ ಹೆಂಗಸು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಉಳಿದವರು ಹೆಬ್ಬೆಟ್ಟು ಒತ್ತುವಾಗ ತಾನು ಮಾತ್ರ ಪೆನ್ನು ಇಸಿದುಕೊಂಡು ನಿಧಾನವಾಗಿ, ಮಕಾರದ ಒತ್ತನ್ನು ದುಂಡಗೆ ಸುತ್ತಿ ರುಜು ಮಾಡುತ್ತಿದ್ದವಳು. ಈಗ ಎಡಗೈ ಮುಂದಕ್ಕೆ ಚಾಚಿದಳು.

"ತಡಿ ಅಮ್ಮ" ಎಂದು ದಾನೇಶ್ವರಿ ಹಾಳೆಗಳನ್ನು ಎತ್ತಿಕೊಂಡಳು.

"ಇಂಗ್ಲಿಷಲ್ಲಿದೆ ಮೇಡಂ" ಎಂದ ಸೂರ್ಯಪ್ರಕಾಶ್. ಅಂದಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ದಾನೇಶ್ವರಿ ತಿಪಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು.

ಅವಳು ಓದಿದಳು. ಅಮ್ಮನ ಬೆರಳು ಪುಡಿ ಮಿಷನ್ನಿಗೆ ಸಿಕ್ಕಿದ್ದರ ವಿಚಾರಣೆಯ ವರದಿ ಅದು. ಉತ್ತರಪತ್ರಿಕೆ ತಿದ್ದಿ ತಿದ್ದಿ ಅವಳ ಕಣ್ಣು ಎಲ್ಲಕ್ಕಿಂತ ಮೊದಲು ಕ್ರಿಯಾಪದಕ್ಕೆ ಹೋಗುತ್ತಿತ್ತು. ಫ್ಯಾಕ್ಟರಿಯವರು ಬಾಯಿಬಿಟ್ಟಲ್ಲೆಲ್ಲ 'ಸ್ಟೇಟೆಡ್', 'ಕನ್‌ಫರ್ಮ್ಡ್' ಎಂದಿತ್ತು. ಅವರು ತಿಳಿಸಿದರು, ದೃಢಪಡಿಸಿದರು. ಮಿಷನ್ನಿನ ಬಾಯಿಗೆ ರಕ್ಷಣೆಯ ಜಾಲರಿ ಇತ್ತೆಂದು ಮ್ಯಾನೇಜರು ದೃಢಪಡಿಸಿದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಖತೀಜಾ ಬೀಯ ಹೆಸರು ಬಂದಾಗ ಮಾತ್ರ ಪದ ಬದಲಾಗಿತ್ತು. ಅವಳು 'ಫೀಲ್ಸ್'. ಜಾಲರಿ ಇರಲಿಲ್ಲವೇನೋ ಎಂದು ಅವಳಿಗೆ ಅನ್ನಿಸುತ್ತದೆ. ಕೆಳಗಡೆ, ಅಮ್ಮನ ಹೆಸರಿನ ಮುಂದೆ 'ಅಡ್ಮಿಟೆಡ್' ಎಂದಿತ್ತು. ಕೆಲಸ ಬೇಗ ಮುಗಿಯಲೆಂದು ಜಾಲರಿಯನ್ನು ತಾನೇ ತೆಗೆದಿದ್ದಾಗಿಯೂ, ಪಕ್ಕದವಳ ಜೊತೆ ಮಾತಾಡುತ್ತ ಗಮನ ತಪ್ಪಿದ್ದಾಗಿಯೂ, ತಪ್ಪೆಲ್ಲ ತನ್ನದೇ ಎಂದೂ ವಿಮಲಮ್ಮ ಒಪ್ಪಿಕೊಂಡಳು.

ದಾನೇಶ್ವರಿ ಹಾಳೆಯಿಂದ ತಲೆ ಎತ್ತಿದಳು.

"ಜಾಲರಿ ನೀನು ತೆಗೆದ್ಯಾ ಅಮ್ಮ?"

"ನಾನಾ? ಯಾವ್ ಜಾಲರಿ? ಅದು ವಾರದಿಂದ ಗೋಡೆಗೆ ಒರಗಿಸಿತ್ತಲ್ಲ."

"ತೆಗೆದೆ ಅಂತ ಒಪ್ಕೊಂಡಿದೀಯ ಅಂತ ಬರೆದವ್ರೆ ಇಲ್ಲಿ."

ಸೂರ್ಯಪ್ರಕಾಶ್ ನಕ್ಕ. "ಅಯ್ಯೋ ಮೇಡಂ, ಒಂದೊಂದ್ ಪದ ಹಿಡ್ಕೊಂಡು ಕೂತ್ರೆ ಆಗುತ್ತಾ? ಆಸ್ಪತ್ರೇಲಿ ನನ್ ಮುಂದೇನೇ ಅಂದ್ರು, ನಂದೇ ತಪ್ಪು ಕಣಪ್ಪ ಅಂತ. ಅಂದ್ರೋ ಇಲ್ವೋ ಕೇಳಿ ನೋಡಿ."

ದಾನೇಶ್ವರಿ ಅಮ್ಮನ ಕಡೆ ತಿರುಗಿದಳು. ವಿಮಲಮ್ಮ ತಲೆ ತಗ್ಗಿಸಿ, "ಅಂದೆ" ಎಂದಳು. "ಆ ನೋವಲ್ಲಿ ಏನೇನೋ ಅಂದೆ. ದಿನಾ ಸಿಪ್ಪೆ ಹೆರೆಯೋಳು ನಾನು, ಇವತ್ತು ಆಳಿಲ್ಲ ನೀನೇ ಹೋಗು ಅಂತ ಇವ್ರು ಅಂದಾಗ ಆ ಮಿಷನ್ ತಾವ ಹೋಗಿದ್ದೇ ತಪ್ಪಾಯ್ತು ಅಂತ ಅಂದೆ."

"ಕೇಳಿದ್ರಲ್ಲ" ಎಂದ ಸೂರ್ಯಪ್ರಕಾಶ್.

"ಕೇಳ್ದೆ. ಕಳ್ಸಿದ್ದು ನೀವು ಅಂತ ಕೇಳ್ದೆ. ಅದೆಲ್ಲಿದೆ ಇದರಲ್ಲಿ?"

ರೇವಣಸಿದ್ದಯ್ಯ ಕೆಮ್ಮಿದ. "ದಾನೂ, ಬುಡವ್ವ ಅತ್ಲಾಗೆ. ಅವ್ರೇನೋ ಆಫೀಸಿಗೆ ಅಂತ ಬರ್ಕೊಂಡವ್ರೆ. ಹಾಕ್ಕೊಟ್ಟು ಕಳ್ಸು."

"ಹಾಕಲ್ಲಪ್ಪ" ಎಂದಳು ದಾನೇಶ್ವರಿ. ಇಂಕ್ ಪ್ಯಾಡಿನ ಮುಚ್ಚಳ ಹಾಕಿ ಸೂರ್ಯಪ್ರಕಾಶನ ಕಡೆ ತಳ್ಳಿದಳು.

ಅವನ ನಗು ನಿಂತಿತು. "ನೋಡಿ ಮೇಡಂ, ಇದನ್ನ ನಾನು ಬರೆದಿದ್ದಲ್ಲ. ನಮಗೂ ಕಾನೂನು ಗೊತ್ತು, ಹೊರಗಿನ ದೊಡ್ಡ ಮನುಷ್ಯರ ಕೈಲಿ ವಿಚಾರಣೆ ಮಾಡ್ಸಿದೀವಿ. ಮರುಳಸಿದ್ದಯ್ಯ ಮೇಷ್ಟ್ರು. ಕೆಳಗಡೆ ಸೈನ್ ನೋಡಿ. ಅವರ ಇಂಗ್ಲಿಷಲ್ಲಿ ತಪ್ಪು ಹಿಡಿಯೋರು ಇನ್ನೂ ಹುಟ್ಟಿಲ್ಲ. ಗುರುವಾರ ಕಾರ್ಮಿಕ ಅಧಿಕಾರಿಗಳ ಮುಂದೆ ಇದು ಹೋಗುತ್ತೆ. ಹೆಬ್ಬೆಟ್ಟು ಇದ್ರೂ ಹೋಗುತ್ತೆ, ಇಲ್ದಿದ್ರೂ ಹೋಗುತ್ತೆ." ಒಂದು ಪ್ರತಿ ಅಲ್ಲೇ ಬಿಟ್ಟು ಎದ್ದುಹೋದ.

ದಾನೇಶ್ವರಿ ಕೆಳಗಿನ ಸಹಿ ನೋಡಿದಳು. ಉದ್ದನೆಯ ಬಾಲದ ಆ ಸಹಿ ಅವಳಿಗೆ ಅಂಗೈಯಷ್ಟು ಪರಿಚಯ. ಪಿಯುಸಿಯ ಎರಡು ವರ್ಷ ಅವಳ ಪ್ರಬಂಧಗಳ ಕೆಳಗೆ ಬಿದ್ದಿದ್ದ ಸಹಿ ಅದು. ಹಳ್ಳಿಯಿಂದ ಬಸ್ಸಲ್ಲಿ ನಿಂತು ಬರುತ್ತಿದ್ದ, ಇಂಗ್ಲಿಷ್ ಅಂದರೆ ಬೆವರುತ್ತಿದ್ದ ಹುಡುಗಿಯನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿದವರು ಮರುಳಸಿದ್ದಯ್ಯ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ವಾಕ್ಯಗಳ ಪಾಠ ಅವರ ಮೆಚ್ಚಿನ ಪಾಠ. "ಬರೀ 'ಸೆಡ್' ಅಂತ ಬರೆದು ಬಿಡೋದಲ್ಲ ಕಣ್ರಯ್ಯ. ಹೇಳ್ದೋನ ಮನಸ್ಸು ಆ ಒಂದು ಪದದಲ್ಲಿ ಬರ್ಬೇಕು. ಬೇಡ್ಕೊಂಡ್ನಾ, ಬೈದ್ನಾ, ಒಪ್ಕೊಂಡ್ನಾ? ಅಲ್ಲಿ ಎಡವಿದ್ರೆ ಅವನ ಬಾಯಿಗೆ ನಿಮ್ಮ ಮಾತು ತುರುಕಿದ ಹಾಗೆ" ಎನ್ನುತ್ತಿದ್ದರು. ಅವಳೀಗ ತನ್ನ ಮಕ್ಕಳಿಗೆ ಇದೇ ಮಾತನ್ನು ಅವರ ಹೆಸರು ಹೇಳಿಯೇ ಹೇಳಿಕೊಡುತ್ತಿದ್ದಳು.

ಅಂದರೆ ಅವರಿಗೆ ಗೊತ್ತಿಲ್ಲದೆ ಆದದ್ದಲ್ಲ ಇದು. ಯಾರೋ ಅರೆಬರೆ ಇಂಗ್ಲಿಷಿನ ಗುಮಾಸ್ತ ಬರೆದಿದ್ದರೆ ಅವಳಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮಧ್ಯಾಹ್ನ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಅಮ್ಮನ ಮೇಲೂ ರೇಗಿದಳು.

"ನಂದೇ ತಪ್ಪು ಅಂತ ಯಾಕಂದೆ? ಅವನ ಮುಂದೆ ಯಾಕಂದೆ?"

"ಎಡವಿ ಬಿದ್ದೋರು ಏನಂತಾರೆ? ಕಲ್ಲಿನ್ ತಪ್ಪು ಅಂತಾರಾ?"

"ಮಾತಾಡ್ತಿದ್ದೆ ಅಂತಲೂ ಅಂದ್ಯಾ?"

"ಅಂದೆ. ಮಾತಾಡ್ತಿದ್ದೆ. ನಿತ್ಯ ಮಾತಾಡ್ಕೊಂಡೇ ಕೆಲ್ಸ ಮಾಡ್ತೀವಿ. ಬಾಯಿ ಮುಚ್ಕೊಂಡ್ರೆ ಬೆರಳು ಉಳೀತಿದ್ವಾ? ಆ ಬಾಯಿಗೆ ಜಾಲರಿ ಇದ್ದಿದ್ರೆ ಉಳೀತಿದ್ವು." ವಿಮಲಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಸ್ಕೂಲು ಬಿಟ್ಟಮೇಲೆ ದಾನೇಶ್ವರಿ ನೇರ ಖತೀಜಾ ಬೀಯ ಮನೆಗೆ ಹೋದಳು. ಮುಂದುಗಡೆ ಗಂಡ ಪೀರ್ ಸಾಬ್‌ನ ಹೊಲಿಗೆ ಅಂಗಡಿ, ಹಿಂದೆ ಎರಡು ಕೋಣೆಯ ಮನೆ. ಖತೀಜಾ ಬೀ ಆಗಷ್ಟೇ ಫ್ಯಾಕ್ಟರಿಯಿಂದ ಬಂದು ಕಾಲು ನೀಡಿ ಕೂತಿದ್ದಳು. ಕಾಯಿಹಾಲಿನ ಹುಳಿವಾಸನೆ ಅವಳ ಬಟ್ಟೆಯಲ್ಲಿತ್ತು. ಅಮ್ಮನೂ ಇದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದಳು.

"ಖತೀಜಕ್ಕ, ಜಾಲರಿ ವಿಚಾರ ನೀನೇನ್ ಹೇಳ್ದೆ?"

"ಏನ್ ಹೇಳ್ಲಿ? ಇದ್ದಿದ್ ಹೇಳ್ದೆ. ಇರ್ಲಿಲ್ಲ ಅಂತ. ಅದು ಇದ್ರೆ ಹೋಳು ನಿಧಾನಕ್ಕೆ ಬೀಳ್ತವೆ ಅಂತ ಮ್ಯಾನೇಜ್ರೇ ಬಿಚ್ಚಿಸಿದ್ರು. ಗೋಡೆಗೆ ಒರಗಿಸಿದ್ದನ್ನ ದಿನಾ ನೋಡಿದೀನಿ. ಒಂದ್ಸಲ ನನ್ ಸೆರಗೂ ಸಿಕ್ಕಾಕ್ಕೊಂಡಿತ್ತು ಅದಕ್ಕೆ."

"ಯಾರ ಹತ್ರ ಹೇಳ್ದೆ?"

"ಅವನ ಹತ್ರಾನೇ, ಸೂರ್ಯಪ್ರಕಾಶ್ ಹತ್ರ. ಅವತ್ತೇ ಸಾಯಂಕಾಲ ಕರೆದು ಕೇಳ್ದ."

"ಮರುಳಸಿದ್ದಯ್ಯ ಮೇಷ್ಟ್ರು ಬಂದು ಕೇಳಲಿಲ್ವಾ?"

"ಅದ್ಯಾರು?"

ದಾನೇಶ್ವರಿ ಕಾಗದ ಬಿಚ್ಚಿ ಆ ವಾಕ್ಯ ಓದಿ ಕನ್ನಡದಲ್ಲಿ ಹೇಳಿದಳು. ಜಾಲರಿ ಇರಲಿಲ್ಲವೇನೋ ಅಂತ ನಿನಗೆ ಅನ್ನಿಸುತ್ತಂತೆ.

"ಅನ್ಸೋದಾ?" ಖತೀಜಾ ಬೀ ನೀಡಿದ್ದ ಕಾಲು ಮಡಚಿ ನೆಟ್ಟಗೆ ಕೂತಳು. "ನನಗೆ ಅನ್ಸೋದಾ? ನನ್ ಕಣ್ಣಿಗೇನ್ ಪೊರೆ ಬಂದಿದ್ಯಾ? ನಿಮ್ಮಮ್ಮನ ಕೈ ಒಳಗೆ ಹೋದಾಗ ಸ್ವಿಚ್ ಆರ್ಸಿದ್ ಯಾರು? ನಾನು! ಅದೂ ನಂಗೆ ಅನ್ಸಿದ್ದಾ?" ಅವಳ ದನಿಗೆ ಅಂಗಡಿಯ ಮಿಷನ್ ಸದ್ದು ನಿಂತಿತು. ಪೀರ್ ಸಾಬ್ ಪರದೆ ಸರಿಸಿ ಇಣುಕಿ, ಹೆಂಡತಿಯ ಮುಖ ನೋಡಿ ಹಿಂದಕ್ಕೆ ಹೋದ.

"ಗುರುವಾರ ಬಂದು ಅಧಿಕಾರಿಗಳ ಮುಂದೆ ಇಷ್ಟು ಹೇಳ್ತೀಯಾ ಅಕ್ಕ?"

ಖತೀಜಾ ಬೀಯ ಸಿಟ್ಟು ಅಲ್ಲಿಗೆ ಸ್ವಲ್ಪ ಇಳಿಯಿತು. ಗುರುವಾರ ಕೆಲಸದ ದಿನ. ಹೋದರೆ ಶುಕ್ರವಾರದಿಂದ ಕೆಲಸ ಇರುತ್ತದೆಂದು ಯಾರು ಹೇಳಬೇಕು? "ಬತ್ತೀನಿ ಅಂತ ಮಾತು ಕೊಡಲ್ಲ ದಾನಮ್ಮ. ಬರಲ್ಲ ಅಂತಲೂ ಅನ್ನಲ್ಲ. ಹೋಗು ಈಗ" ಎಂದಳು.

ಮರುಳಸಿದ್ದಯ್ಯನವರ ಮನೆಗೆ ಹೋಗಬೇಕೋ ಬೇಡವೋ ಎಂದು ದಾನೇಶ್ವರಿ ಯೋಚಿಸಲೇ ಇಲ್ಲ. ಕಾಲೇ ಆ ಕಡೆ ತಿರುಗಿತು. ಮೇಷ್ಟ್ರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅವಳನ್ನು ಕಂಡು ಮುಖ ಅರಳಿತು.

"ಓ, ದಾನೇಶ್ವರಿ! ಬಾರಮ್ಮ ಬಾ. ಲೇ, ಯಾರ್ ಬಂದಿದಾರೆ ನೋಡೇ" ಎಂದು ಒಳಗೆ ಕೂಗಿದರು. "ಎಷ್ಟ್ ದಿನ ಆಯ್ತು ನಿನ್ನ ನೋಡಿ."

ಅವಳು ಕೂರಲಿಲ್ಲ. ಕಾಗದವನ್ನು ಅವರ ಮುಂದೆ ಹಿಡಿದಳು. "ಸಾರ್, ಇದು ನೀವು ಬರೆದಿದ್ದಾ?"

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಹೌದು. ಆ ಪುಡಿ ಫ್ಯಾಕ್ಟರೀದು. ನಿನ್ ಕೈಗೆ ಹೆಂಗ್ ಬಂತು?"

"ವಿಮಲಮ್ಮ ನಮ್ಮಮ್ಮ ಸಾರ್."

ಮೇಷ್ಟ್ರ ಮುಖದ ಮೇಲಿನ ನಗು ಮೆಲ್ಲಗೆ ಹೋಯಿತು. ಅವರಿಗೆ ಅದು ತಿಳಿದಿರಲಿಲ್ಲ ಎಂಬುದು ಅವಳಿಗೂ ಕಂಡಿತು. ಕಂಡರೂ ಸಿಟ್ಟು ಕಡಿಮೆಯಾಗಲಿಲ್ಲ. ತನ್ನ ಅಮ್ಮ ಅಲ್ಲದೆ ಬೇರೆ ಯಾವಳೋ ಆಗಿದ್ದರೆ ಸರಿಯಾಗಿರುತ್ತಿತ್ತೇ?

"ಅಯ್ಯೋ ಶಿವನೇ. ನಂಗ್ ಗೊತ್ತಾಗ್ಲಿಲ್ಲ ಕಣಮ್ಮ. ಹೆಂಗವ್ರೆ ಈಗ?"

"ನೀವು ಅವರನ್ನ ಕೇಳಿದ್ರಾ ಸಾರ್? ಒಪ್ಕೊಂಡಳು ಅಂತ ಬರೆದಿದೀರ. ಯಾವತ್ತು, ಎಲ್ಲಿ ಒಪ್ಕೊಂಡ್ರು?"

"ಅದು... ಮ್ಯಾನೇಜರ್ ಬಂದು ಎಲ್ಲಾ ಹೇಳ್ದ. ಪಾಯಿಂಟ್ಸ್ ಕೊಟ್ಟ. ನಾನು ಇಂಗ್ಲಿಷ್‌ಗೆ ಹಾಕ್ದೆ. ಫ್ಯಾಕ್ಟರಿವರೆಗೆ ಹೋಗಿ ಬರೋಕೆ ಈ ಮಂಡಿ ಎಲ್ಲಿ ಕೇಳುತ್ತೆ?"

"ನಾನು ವಿಚಾರಣೆ ಮಾಡಿದೆ ಅಂತ ಸಹಿ ಹಾಕಿದೀರ."

"ಅದೊಂದು ಪದ್ಧತಿ ಕಣಮ್ಮ. ಎಲ್ಲಾ ಕಡೇನೂ ಹಂಗೇ ಬರೆಯೋದು. ಅವರು ಹೇಳಿದ್ದನ್ನ ನಾನು ಬರೆದೆ, ಅಷ್ಟೇ. ಭಾಷೇಲಿ ಏನಾದ್ರೂ ತಪ್ಪಿದ್ರೆ ಹೇಳು."

"ಅದನ್ನೇ ಹೇಳೋಕೆ ಬಂದಿದೀನಿ." ಅಳು ಬರುತ್ತಿದೆ ಎಂದು ಅವರು ತಿಳಿದಾರು ಎಂಬ ಸಿಟ್ಟಿಗೆ ಅವಳ ದನಿ ಇನ್ನೂ ಏರಿತು. "ವಿಮಲಮ್ಮ ಒಪ್ಕೊಂಡಳು ಅಂತ ಮ್ಯಾನೇಜರ್ ಹೇಳಿದ. ಇದು ತಾನೇ ಸಾರ್ ಪೂರ್ತಿ ವಾಕ್ಯ? ಕೊನೇಲಿರೋ ಆ ತುಂಡು ಎಲ್ಲಿ ಹೋಯ್ತು? ಮ್ಯಾನೇಜರ್ ಹೇಳಿದ ಅನ್ನೋದನ್ನ ಕತ್ತರಿಸಿ ಬಿಸಾಕಿದ್ರಿ. ಆಮೇಲೆ ಉಳಿಯೋದೇನು? ನಮ್ಮಮ್ಮ ನಿಮ್ಮ ಮುಂದೆ ಕೂತು ತಪ್ಪು ಒಪ್ಕೊಂಡ ಹಾಗೆ! ಖತೀಜಾ ಬೀ ಕಣ್ಣಾರೆ ಕಂಡಿದ್ದು ಬರೀ ಅನ್ಸೋದಾಯ್ತು. ಜಾಲರಿ ಬಿಚ್ಚಿಸಿದ ಮ್ಯಾನೇಜರೇ ಅದು ಇತ್ತು ಅಂತ ದೃಢಪಡಿಸಿಬಿಟ್ಟ. ಈ ಪದಗಳನ್ನೆಲ್ಲ ಅವನು ಕೊಟ್ನಾ, ನೀವು ಹಾಕಿದ್ರಾ?"

ಒಳಗಿಂದ ಮಜ್ಜಿಗೆ ಲೋಟ ಹಿಡಿದು ಬಂದ ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಂತರು.

ಮರುಳಸಿದ್ದಯ್ಯ ಪೇಪರನ್ನು ಮಡಚಿ ಮೊಣಕಾಲ ಮೇಲಿಟ್ಟರು. ಅವರ ಮುಖವೂ ಬಿಗಿಯಿತು. "ನಂಗೇ ಗ್ರಾಮರ್ ಹೇಳ್ಕೊಡ್ತೀಯಾ?"

"ನೀವೇ ಹೇಳ್ಕೊಟ್ಟಿದ್ದು ಸಾರ್."

"ನೋಡು, ನೀನೀಗ ಸಿಟ್ನಲ್ಲಿದೀಯ. ಮ್ಯಾನೇಜರ್ ಹೇಳಿದ, ಮ್ಯಾನೇಜರ್ ಹೇಳಿದ ಅಂತ ಸಾಲು ಸಾಲಿಗೂ ಬರ್ಕೊಂಡ್ ಹೋದ್ರೆ ಅದನ್ನ ವಿಚಾರಣೆ ಅಂತಾರಾ?"

"ಅನ್ನಲ್ಲ! ಅದು ವಿಚಾರಣೆ ಅಲ್ಲ ಅಂತಲೇ ನಾನು ಹೇಳ್ತಿರೋದು. ಗುರುವಾರದೊಳಗೆ ತಿದ್ದಿ ಕೊಡಿ. ಇಲ್ಲಾ ನಿಮ್ಮ ಸಹಿ ವಾಪಸ್ ತಗೊಳ್ಳಿ."

"ಕೊಟ್ಟಿದ್ದು ಕೊಟ್ಟಾಯ್ತು. ವಾಪಸ್ ಕೇಳಿದ್ರೆ ನನ್ ಮರ್ಯಾದೆ ಏನಾಗ್ಬೇಕು?"

ದಾನೇಶ್ವರಿ ಕಾಗದ ಮಡಚಿಕೊಂಡಳು. "ನಮ್ಮಮ್ಮನ ಬೆರಳು ಹೋಗಿದೆ ಸಾರ್. ನೀವು ಮರ್ಯಾದೆ ಇಟ್ಕೊಂಡಿರಿ" ಎಂದು ಮೆಟ್ಟಿಲು ಇಳಿದಳು. "ಮಜ್ಜಿಗೆ ಕುಡಿದು ಹೋಗಮ್ಮ" ಎಂದು ಅವರ ಹೆಂಡತಿ ಕರೆದರು. ಅವಳು ತಿರುಗಿ ನೋಡಲಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ಅವಳ ತುಟಿ ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು. ಹೇಳಿದ್ದಕ್ಕಿಂತ ಹೇಳದೆ ಬಿಟ್ಟ ಮಾತುಗಳೇ ಹೆಚ್ಚಿದ್ದವು.

ಗುರುವಾರ ಅವಳು ರಜೆ ಹಾಕಿ ಅಮ್ಮನನ್ನು ಕರೆದುಕೊಂಡು ತಿಪಟೂರಿನ ಕಾರ್ಮಿಕ ಕಚೇರಿಗೆ ಬಂದಳು. ಅಧಿಕಾರಿ ನಡುವಯಸ್ಸಿನ ಹೆಂಗಸು. ಮೇಜಿನ ಮೇಲೆ ಫೈಲುಗಳ ರಾಶಿ, ತಲೆಯ ಮೇಲೆ ಕಿರುಗುಡುವ ಫ್ಯಾನು. ಸೂರ್ಯಪ್ರಕಾಶ್ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಮೊದಲೇ ಬಂದು ಕೂತಿದ್ದ. ವರದಿಯನ್ನು ಅವರ ಮುಂದಿಟ್ಟು, "ವಿಮಲಮ್ಮನೋರೇ ಒಪ್ಕೊಂಡಿದಾರೆ ಮೇಡಂ, ಜಾಲರಿ ತೆಗೆದಿದ್ದು ಅವರೇ" ಎಂದ.

ಅಧಿಕಾರಿ ಓದಿ ತಲೆ ಎತ್ತಿದರು. "ರಕ್ಷಣೆಗೆ ಅಂತ ಇಟ್ಟಿದ್ದನ್ನ ಬೇಕಂತಲೇ ತೆಗೆದ್ರು ಅಂತಾದ್ರೆ ಪರಿಹಾರ ಸಿಗೋದು ಕಷ್ಟ ಆಗುತ್ತೆ. ಗೊತ್ತಾ ನಿಮಗೆ?"

ಸೂರ್ಯಪ್ರಕಾಶನಿಗೆ ಆ ಒಂದು ಪದದ ಬೆಲೆ ಎಷ್ಟು ಚೆನ್ನಾಗಿ ಗೊತ್ತಿತ್ತೆಂದು ದಾನೇಶ್ವರಿಗೆ ಆಗ ಪೂರ್ತಿ ಅರ್ಥವಾಯಿತು. ಒಂದೊಂದ್ ಪದ ಹಿಡ್ಕೊಂಡು ಕೂತ್ರೆ ಆಗುತ್ತಾ ಎಂದು ನಕ್ಕವನು! ಕೂತಲ್ಲಿಂದ ಎದ್ದೇಬಿಟ್ಟಳು. "ಅದು ಸುಳ್ಳು ಮೇಡಂ. ಅವರು ಹಂಗೆ ಹೇಳೇ ಇಲ್ಲ."

"ನೀವ್ಯಾರು?"

"ಮಗಳು."

"ಹಾಗಾದ್ರೆ ನೀವು ಕೂತ್ಕೊಳ್ಳಿ. ನಾನು ಅವರನ್ನ ಕೇಳ್ತೀನಿ." ಅಧಿಕಾರಿ ವಿಮಲಮ್ಮನ ಕಡೆ ಬಾಗಿದರು. "ಹೇಳಿ ಅಮ್ಮ. ಅವತ್ತು ಏನಾಯ್ತು?"

ವಿಮಲಮ್ಮ ಸೆರಗು ಸರಿಮಾಡಿಕೊಂಡಳು. ಮೊದಮೊದಲು ದನಿ ಕೇಳಿಸದಷ್ಟು ಸಣ್ಣಗಿತ್ತು. ಪುಡಿ ಮಿಷನ್ನಿನ ಆಳು ಬಂದಿರಲಿಲ್ಲ ಎಂದಳು. ನೀನು ಹೋಗು ಎಂದರು, ನಂಗೆ ಬರಲ್ಲ ಎಂದೆ, ಹೋಳು ಹಾಕೋದಕ್ಕೆ ಏನು ಬರಬೇಕು ಎಂದರು, ಹೋದೆ. ಬಾಯಿ ಬಾವಿಯ ಹಾಗೆ ತೆರೆದಿತ್ತು. ಹೋಳು ಸಿಕ್ಕಿಕೊಂಡಿತು, ತಳ್ಳಿದೆ. "ಮಾತಾಡ್ತಿದ್ದಿದ್ದು ನಿಜ ಕಣಮ್ಮ. ಖತೀಜಾಳ ಮಗಳ ಮದ್ವೆ ವಿಚಾರ. ಜಾಲರಿ ಮುಟ್ಟಿದ್ದು ಸುಳ್ಳು. ಅದು ಎಷ್ಟು ಭಾರ ಐತೆ ಅಂತಲೂ ನಂಗೊತ್ತಿಲ್ಲ."

"ಇದಕ್ಕೆ ಯಾರಾದ್ರೂ ಸಾಕ್ಷಿ?"

ದಾನೇಶ್ವರಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಸೂರ್ಯಪ್ರಕಾಶ್ ವಾಚು ನೋಡಿಕೊಂಡ. ಅಧಿಕಾರಿ ಇನ್ನೊಂದು ಫೈಲು ಎಳೆದುಕೊಳ್ಳುವಷ್ಟರಲ್ಲಿ ಕಾರಿಡಾರಿನಲ್ಲಿ ದುಡುದುಡು ಹೆಜ್ಜೆ ಕೇಳಿ, ಖತೀಜಾ ಬೀ ಏದುಸಿರು ಬಿಡುತ್ತ ಒಳಗೆ ಬಂದಳು. ಬುರ್ಖಾದ ತೋಳಿನ ಮೇಲೆ ಬಿಳಿಯ ಪುಡಿ ಅಂಟಿತ್ತು. ಕೆಲಸದ ಮಧ್ಯೆಯೇ ಎದ್ದು ಬಂದಿದ್ದಳು.

"ನಾನು ಖತೀಜಾ ಬೀ. ನಂಗೆ ಅನ್ಸೋದಿಲ್ಲ ಮೇಡಂ, ನಾನು ನೋಡಿದೀನಿ" ಎಂದಳು, ಯಾರೂ ಕೇಳುವ ಮೊದಲೇ. ಜಾಲರಿ ಬಿಚ್ಚಿಸಿದವರು ಯಾರು, ಯಾಕೆ, ಅದು ಎಲ್ಲಿತ್ತು, ಎಲ್ಲವನ್ನೂ ಸೂರ್ಯಪ್ರಕಾಶನ ಮುಖ ನೋಡಿಕೊಂಡೇ ಹೇಳಿದಳು. ಅವನು ಎರಡು ಸಲ ಬಾಯಿ ಹಾಕಲು ಹೋದ. "ನನ್ ಮಾತು ಮುಗಿಲಿ, ಆಮೇಲೆ ನಿಮ್ದು" ಎಂದು ಅವನನ್ನು ಸುಮ್ಮನಾಗಿಸಿದಳು.

"ಇವೆಲ್ಲ ಈಗ ಹೇಳಿಕೊಟ್ಟಿದ್ದು ಮೇಡಂ" ಎಂದ ಸೂರ್ಯಪ್ರಕಾಶ್. "ವಿಚಾರಣೆ ಮಾಡಿದೋರು ಮರುಳಸಿದ್ದಯ್ಯನೋರು. ಅವರಿಗಿಂತ ಪ್ರಾಮಾಣಿಕರು ಬೇಕಾ?"

ಅಧಿಕಾರಿ ವರದಿಯ ಕೆಳಗಿದ್ದ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ತಾನು ಯಾರು, ಯಾವ ವಿಷಯ ಎಂದು ಹೇಳಿ ಕೇಳಿದರು: "ಸಾರ್, ವಿಮಲಮ್ಮ ಅನ್ನೋರ ಜೊತೆ ನೀವು ಮಾತಾಡಿದ್ರಾ?"

ದಾನೇಶ್ವರಿ ಫೋನಿನ ಕಡೆ ಬಾಗಿದಳು.

"ಇಲ್ಲ" ಎಂದಿತು ಮೇಷ್ಟ್ರ ದನಿ.

"ಖತೀಜಾ ಬೀ ಜೊತೆ?"

"ಇಲ್ಲ ಮೇಡಂ. ಯಾರ ಜೊತೇನೂ ಮಾತಾಡಿಲ್ಲ. ಮ್ಯಾನೇಜರ್ ಸೂರ್ಯಪ್ರಕಾಶ್ ಹೇಳಿದ್ದನ್ನ ನಾನು ಇಂಗ್ಲಿಷಲ್ಲಿ ಬರೆದೆ."

ಅಷ್ಟೇ. ಅಧಿಕಾರಿ ಫೋನ್ ಇಟ್ಟು, ವರದಿಯನ್ನು ಮಡಚಿ ಪಕ್ಕಕ್ಕೆ ಸರಿಸಿದರು. ಒಂದು ಬಿಳಿಹಾಳೆ ತೆಗೆದುಕೊಂಡು ವಿಮಲಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ, ನಾನು ಹೋದೆ ನಾನು ಹಾಕಿದೆ ಎಂದೇ, ಕನ್ನಡದಲ್ಲಿ ಬರೆಯತೊಡಗಿದರು. ಬರೆದದ್ದನ್ನು ಓದಿ ಹೇಳಿದರು. ಸೂರ್ಯಪ್ರಕಾಶ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಕೂತಿದ್ದ.

ದಾನೇಶ್ವರಿಗೆ ಗೆದ್ದೆವೆಂಬ ಖುಷಿ ಬರಲಿಲ್ಲ. ಇನ್ನಷ್ಟು ಸಿಟ್ಟು ಬಂತು. ಮೂರು ದಿನದ ಹಿಂದೆ ತಾನು ಕೈಯೊಡ್ಡಿ ಕೇಳಿದ್ದು ಇದೇ ವಾಕ್ಯವನ್ನಲ್ಲವೇ? ತನ್ನ ಮುಂದೆ ಬಾರದ ಮಾತು ಅಧಿಕಾರಿಯೊಬ್ಬರು ಫೋನ್ ಮಾಡಿದ ಕೂಡಲೇ ಬಂತು. ಹಳೆಯ ಶಿಷ್ಯೆಯ ಎದುರು ಹೋಗುವ ಮರ್ಯಾದೆ, ಕುರ್ಚಿಯಲ್ಲಿ ಕೂತವರ ಎದುರು ಹೋಗಲಿಲ್ಲವೇ?

ಮುಂದಿನ ವಾರಗಳಲ್ಲಿ ಒಂದೊಂದೇ ಆಯಿತು. ಅಧಿಕಾರಿ ಫ್ಯಾಕ್ಟರಿಗೆ ಹೋಗಿ ನೋಡಿ ಬಂದರು. ಅವರು ಬರುವ ಹೊತ್ತಿಗೆ ಮಿಷನ್ನಿಗೆ ಹೊಸ ಜಾಲರಿ ಬಂದಿತ್ತು, ಅದಕ್ಕೆ ಹಳದಿ ಬಣ್ಣವನ್ನೂ ಬಳಿದಿದ್ದರು. ಆಸ್ಪತ್ರೆಯ ಖರ್ಚನ್ನೂ ಪರಿಹಾರವನ್ನೂ ಫ್ಯಾಕ್ಟರಿ ಕೊಡಬೇಕೆಂದು ಆಯಿತು. ಖತೀಜಾ ಬೀಗೆ ಮಾತ್ರ, ಈಗ ಕೆಲಸ ಕಡಿಮೆ, ಹೇಳಿ ಕಳಿಸ್ತೀವಿ ಎಂದರು. ಹೇಳಿ ಕಳಿಸಲಿಲ್ಲ. ಅವಳು ಸ್ವಲ್ಪ ದಿನ ಗಂಡನ ಅಂಗಡಿಯಲ್ಲಿ ಗುಂಡಿ ಹಾಕಿಕೊಂಡಿದ್ದು, ಆಮೇಲೆ ಇನ್ನೊಂದು ಪುಡಿ ಫ್ಯಾಕ್ಟರಿಗೆ ಸೇರಿದಳು. "ಹೋಯ್ತು ಬುಡು, ಅಲ್ಲಿನ ಚಾ ನೀರ್ ನೀರಾಗಿರ್ತಿತ್ತು" ಎಂದಳಂತೆ ವಿಮಲಮ್ಮನ ಹತ್ತಿರ. ದಾನೇಶ್ವರಿ ಇದನ್ನು ಕೇಳಿ ನಗಲಿಲ್ಲ.

ಒಂದು ಸಂಜೆ ಮರುಳಸಿದ್ದಯ್ಯನವರ ಫೋನು ಬಂತು. ಅದಕ್ಕೆ ಮುಂಚೆಯೂ ಬಂದಿತ್ತು, ಅವಳು ಎತ್ತಿರಲಿಲ್ಲ. ಇವತ್ತು ಯಾಕೋ ಎತ್ತಿದಳು. ವಿಮಲಮ್ಮ ಒಲೆಯ ಮುಂದೆ ಎಡಗೈಯಲ್ಲಿ ಮುದ್ದೆ ತಿರುವುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು.

"ದಾನೇಶ್ವರಿ, ನನ್ನಿಂದ ತಪ್ಪಾಯ್ತು ಕಣಮ್ಮ" ಎಂದರು ಮೇಷ್ಟ್ರು. ದನಿ ಬಹಳ ಮುದಿಯಾಗಿ ಕೇಳಿಸಿತು. "ನಿಮ್ಮ ತಾಯಿಯೋರಿಗೆ ಹೇಳು, ಮೇಷ್ಟ್ರು ತಪ್ಪಾಯ್ತು ಅಂದ್ರು ಅಂತ."

"ನಾನು ಹೇಳಲ್ಲ ಸಾರ್" ಎಂದಳು ದಾನೇಶ್ವರಿ. ಎಷ್ಟೋ ದಿನದಿಂದ ಹೇಳದೆ ಉಳಿದಿದ್ದೆಲ್ಲ ಒಟ್ಟಿಗೆ ನುಗ್ಗಿ ಬಂತು. "ಮೊದಲೂ ಅವರನ್ನ ನೋಡ್ದೆ ಬರೆದ್ರಿ, ಈಗಲೂ ಅವರನ್ನ ನೋಡ್ದೆ ತಪ್ಪಾಯ್ತು ಅಂತೀರಾ? ಅದನ್ನೂ ಇನ್ನೊಬ್ಬರು ಹೊತ್ತುಕೊಂಡು ಹೋಗ್ಬೇಕಾ? ಮತ್ತೆ, ಹೇಳಿದ್ರೂ ಏನೂ ಉಪಯೋಗ ಇಲ್ಲ. ನಮ್ಮಮ್ಮ ನಿಮ್ಮನ್ನ ಯಾವತ್ತೂ ಕ್ಷಮಿಸಲ್ಲ."

ಒಲೆಯ ಕಡೆಯಿಂದ ಮುದ್ದೆಕೋಲು ಪಾತ್ರೆಗೆ ಬಡಿದ ಸದ್ದಾಯಿತು.

"ಏನಂದೆ?" ವಿಮಲಮ್ಮ ಎದ್ದು ನಿಂತಿದ್ದಳು. "ನಾನ್ ಯಾವಾಗ್ಲೇ ಹಂಗಂದೆ?"

ದಾನೇಶ್ವರಿ ಫೋನಿಗೆ ಅಂಗೈ ಅಡ್ಡ ಹಿಡಿದಳು. "ಸುಮ್ನಿರಮ್ಮ ನೀನು."

"ನಾನ್ಯಾಕ್ ಸುಮ್ನಿರ್ಲಿ? ಕೈ ಹೋಗಿದ್ದು ನಂದು. ಕ್ಷಮಿಸ್ತೀನೋ ಬುಡ್ತೀನೋ ನಾನ್ ಹೇಳ್ತೀನಿ. ಆ ಮ್ಯಾನೇಜರ್ ನನ್ ಬಾಯಿಗೆ ಮಾತು ತುಂಬ್ದ, ಆ ಮೇಷ್ಟ್ರು ತುಂಬಿದ್ರು, ಈಗ ನೀನೂ ಶುರು ಮಾಡ್ದಾ? ಕೊಡಿಲ್ಲಿ." ಹಿಟ್ಟು ಮೆತ್ತಿದ ಎಡಗೈಯಲ್ಲೇ ಫೋನು ಕಿತ್ತುಕೊಂಡು ಕಿವಿಗಿಟ್ಟಳು.

"ಮೇಷ್ಟ್ರೇ, ನಾನು ವಿಮಲಮ್ಮ ಮಾತಾಡ್ತಿರೋದು. ಹೂಂ. ಕೇಳಿಸ್ತು ನೀವಂದಿದ್ದು. ನನ್ ಮಗ್ಳು ದಿನಾ ನಿಮ್ ಹೆಸರು ಹೇಳ್ತಿದ್ಲು ಗೊತ್ತಾ? ನಮ್ ಮೇಷ್ಟ್ರು ಹಿಂಗೆ, ನಮ್ ಮೇಷ್ಟ್ರು ಹಂಗೆ. ಅವಳು ಹೇಳ್ತಿದ್ದಿದ್ ಕೇಳಿ ನಾನು ನಿಮ್ಮನ್ನ ದೇವರು ಅಂದ್ಕೊಂಡಿದ್ದೆ. ಬೆರಳು ಮಿಷನ್ ತಿಂತು, ಅದಕ್ಕೆ ಕಣ್ಣಿಲ್ಲ. ನಿಮಗೆ ಕಣ್ಣಿತ್ತಲ್ಲ? ಹೊನ್ನವಳ್ಳಿ ಏನ್ ದೂರ? ಒಂದ್ ಸಲ 'ನೀನು ಒಪ್ಕೊಂಡ್ಯೇನಮ್ಮ' ಅಂತ ನನ್ನ ಕೇಳಕ್ಕೆ ನಿಮಗೇನ್ ದಾಡಿ ಬಂದಿತ್ತು?"

ದಾನೇಶ್ವರಿ ಅಮ್ಮ ಇಷ್ಟು ಜೋರಾಗಿ ಮಾತಾಡಿದ್ದನ್ನು ಎಂದೂ ಕೇಳಿರಲಿಲ್ಲ. ಜಗಲಿಯಿಂದ ರೇವಣಸಿದ್ದಯ್ಯ ಎದ್ದು ಬಂದು ಬಾಗಿಲಲ್ಲಿ ನಿಂತ. ಫೋನಿನೊಳಗಿಂದ ಮೇಷ್ಟ್ರ ಸಣ್ಣ ದನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಇಲ್ಲ, ಇನ್ನೂ ಮುಗಿದಿಲ್ಲ, ಕೇಳಿ" ಎಂದಳು ವಿಮಲಮ್ಮ, ಮತ್ತು ಫೋನು ಹಿಡಿದುಕೊಂಡೇ ಹಿತ್ತಲ ಬಾಗಿಲು ದಾಟಿದಳು. ದಾನೇಶ್ವರಿಯೂ ಹಿಂದೆ ಹೊರಟಳು. ಅಮ್ಮ ತಿರುಗಿ, "ನೀನ್ ಮುದ್ದೆ ನೋಡ್ಕೊ, ಸೀದೋಗುತ್ತೆ" ಎಂದು ಬ್ಯಾಂಡೇಜಿನ ಕೈಯಿಂದಲೇ ಬಾಗಿಲು ಎಳೆದುಕೊಂಡಳು.